ಓದುಗರ ಪ್ರಶ್ನೆ: ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವವರಿಗೆ

ಈ ಸಲದ ಪುಟ ಪೆನ್ ಟ್ಯಾಬ್ಲೆಟ್ ಹಿಡಿದು ಕೂತವರ ಪ್ರಶ್ನೆಗಳಿಗೇ ಮೀಸಲು. ಉತ್ತರಗಳಲ್ಲಿ ಹೆಚ್ಚಾಗಿ ಉಚಿತವಾಗಿ ಸಿಗುವ ಕ್ರಿಟಾ ತಂತ್ರಾಂಶದ ಮೆನು ಹೆಸರುಗಳನ್ನೇ ಕೊಟ್ಟಿದ್ದೇವೆ. ನಿಮ್ಮದು ಬೇರೆಯದಾದರೆ ಹೆಸರು ಬದಲಾದೀತು, ಕಾರಣ ಬದಲಾಗದು.

ಪ್ರಶ್ನೆ: ಬಹಳ ವರ್ಷ ಜಲವರ್ಣದಲ್ಲಿ ಕೆಲಸ ಮಾಡಿದವನು ನಾನು. ಪರದೆಯಲ್ಲಿ ಹಳದಿಯ ಜೊತೆ ನೀಲಿ ಬೆರೆಸಿದರೆ ಹಸಿರಿನ ಬದಲು ಬೂದು ಬರುತ್ತದೆ. ಬ್ರಷ್ ಆಯ್ಕೆ ತಪ್ಪಿದೆಯೇ? ಕಾಗದ ಬಿಟ್ಟು ಇಲ್ಲಿಗೆ ಬಂದರೆ ಲಾಭವಾದರೂ ಏನು?
— ಓದುಗರು, ಧಾರವಾಡ

ಬ್ರಷ್‌ನದೇನೂ ತಪ್ಪಿಲ್ಲ, ಲೆಕ್ಕವೇ ಹಾಗೆ. ಕಾಗದದ ಮೇಲಿನ ಹಳದಿ ವರ್ಣದ್ರವ್ಯ ನೀಲಿ ಬೆಳಕನ್ನು ಹೀರುತ್ತದೆ, ನೀಲಿ ವರ್ಣದ್ರವ್ಯ ಕೆಂಪನ್ನು ಹೀರುತ್ತದೆ. ಎರಡರಿಂದಲೂ ಪಾರಾಗಿ ಕಣ್ಣಿಗೆ ಬರುವುದು ಹಸಿರು. ತಂತ್ರಾಂಶದಲ್ಲಿ ಹೀರುವ ವಸ್ತುವೇ ಇಲ್ಲ. ಇರುವುದು ಕೆಂಪು, ಹಸಿರು, ನೀಲಿಗಳ ಮೂರು ಅಂಕಿ, ಪ್ರತಿಯೊಂದೂ 0ಯಿಂದ 255ರವರೆಗೆ. ಶುದ್ಧ ಹಳದಿ ಎಂದರೆ 255, 255, 0. ಶುದ್ಧ ನೀಲಿ ಎಂದರೆ 0, 0, 255. ಇವೆರಡರ ಸರಾಸರಿ ತೆಗೆದರೆ ಮೂರೂ ಸುಮಾರು 128 ಆಗುತ್ತವೆ. ಅದು ಅಪ್ಪಟ ಬೂದು.

ದಾರಿ ಮೂರಿವೆ. ಒಂದು, ನಡುವಿನ ಹಸಿರನ್ನು ಬಣ್ಣದ ಚಕ್ರದಿಂದ ನೀವೇ ಆರಿಸಿ ಹಚ್ಚಿ, ಆಮೇಲೆ ಅದರ ಎರಡು ಅಂಚುಗಳನ್ನು ಮಾತ್ರ ಬೆರೆಸುವುದು. ನುರಿತವರು ಮಾಡುವುದು ಇದನ್ನೇ. ಎರಡು, ಹೊಸ ಪದರ (ಚಿತ್ರದ ಮೇಲೆ ಹಾಸಿದ ಪಾರದರ್ಶಕ ಹಾಳೆಯಂಥದ್ದು, ಲೇಯರ್) ತೆರೆದು ಅದರ ಮೋಡನ್ನು, ಅಂದರೆ ಕೆಳಗಿನ ಬಣ್ಣದೊಡನೆ ಬೆರೆಯುವ ಬಗೆಯನ್ನು, ಮಲ್ಟಿಪ್ಲೈಗೆ (ಎರಡೂ ಬಣ್ಣಗಳ ಅಂಕಿಗಳನ್ನು ಗುಣಿಸಿ 255ರಿಂದ ಭಾಗಿಸುವುದು) ಇಟ್ಟು ತೆಳು ಬಣ್ಣ ಹಚ್ಚುವುದು. ಜಲವರ್ಣದ ಒಣಗಿದ ತೆಳು ಲೇಪದ ಮೇಲೆ ಇನ್ನೊಂದು ತೆಳು ಲೇಪ ಕೊಟ್ಟ ಪರಿಣಾಮಕ್ಕೆ ಇದು ಹತ್ತಿರ. ಆದರೆ ಇಲ್ಲಿ ತಿಳಿ ಬಣ್ಣಗಳೇ ಬೇಕು. 255, 240, 150ರ ಹಳದಿಯ ಮೇಲೆ 150, 210, 255ರ ನೀಲಿ ಕೊಟ್ಟರೆ 150, 198, 150 ಬರುತ್ತದೆ, ಒಳ್ಳೆಯ ಎಲೆಹಸಿರು. ಶುದ್ಧ ಹಳದಿಯ ಮೇಲೆ ಶುದ್ಧ ನೀಲಿ ಕೊಟ್ಟರೆ ಬರುವುದು ಕಪ್ಪು. ಮೂರನೆಯದು, ವರ್ಣದ್ರವ್ಯದ ಬೆರಕೆಯನ್ನೇ ಅನುಕರಿಸುವ ರೆಬೆಲ್ ಪ್ರೊನಂಥ ತಂತ್ರಾಂಶ. ಒದ್ದೆ ಕಾಗದದಲ್ಲಿ ಬಣ್ಣ ಹರಿಯುವುದನ್ನೂ ಅದು ಲೆಕ್ಕಹಾಕುತ್ತದೆ. ಹಣ ಕೊಡಬೇಕು, ಕಂಪ್ಯೂಟರೂ ಗಟ್ಟಿಯಾಗಿರಬೇಕು.

ಲಾಭದ ಮಾತು. ಒದ್ದೆಯಲ್ಲಿ ತಾನಾಗಿ ಆಗುವ ಚಂದವನ್ನು ಕ್ರಿಟಾದಿಂದ ನಿರೀಕ್ಷಿಸಬೇಡಿ. ಕಾಗದ ಕೊಡಲಾರದ್ದನ್ನು ಅದು ಕೊಡುತ್ತದೆ. ಎಂ ಕೀಲಿ ಒತ್ತಿದರೆ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗುತ್ತದೆ. ವಾಲಿದ ಮುಖ, ಏರುಪೇರಾದ ಕಣ್ಣು ತಕ್ಷಣ ಕಣ್ಣಿಗೆ ಹೊಡೆಯುತ್ತವೆ. ಎಲ್ಲಕ್ಕೂ ಮೇಲೆ ಕಪ್ಪು ತುಂಬಿದ ಒಂದು ಪದರವಿಟ್ಟು ಅದರ ಮೋಡ್ ಕಲರ್ ಎಂದು ಬದಲಿಸಿದರೆ ಇಡೀ ಚಿತ್ರ ಕಪ್ಪು-ಬಿಳುಪಾಗಿ ಕಾಣುತ್ತದೆ. ನೆರಳು-ಬೆಳಕಿನ ತೂಕ ಸರಿಯಿದೆಯೇ ನೋಡಿ, ಆ ಪದರದ ಪಕ್ಕದ ಕಣ್ಣಿನ ಗುರುತು ಒತ್ತಿ ಅದನ್ನು ಮರೆಮಾಡಿ ಮುಂದುವರಿಯಿರಿ.

ಪ್ರಶ್ನೆ: ಹೊಸ ಟ್ಯಾಬ್ಲೆಟ್‌ನಲ್ಲಿ ಎಷ್ಟು ಒತ್ತಿದರೂ ಗೆರೆ ಒಂದೇ ದಪ್ಪ. ಸಾಲದ್ದಕ್ಕೆ ವೃತ್ತ ಎಳೆದರೆ ಮೊಟ್ಟೆಯಾಗುತ್ತದೆ.
— ವಿದ್ಯಾರ್ಥಿನಿ, ಶಿವಮೊಗ್ಗ

ಇವು ಎರಡು ಬೇರೆ ಬೇರೆ ತೊಂದರೆಗಳು. ಪೆನ್ನಿನ ಒತ್ತಡ ತಂತ್ರಾಂಶಕ್ಕೆ ತಲುಪಲು ವಿಂಡೋಸ್‌ನಲ್ಲಿ ಎರಡು ಹಾದಿಗಳಿವೆ: ವಿನ್‌ಟ್ಯಾಬ್ ಮತ್ತು ವಿಂಡೋಸ್ ಇಂಕ್. ಟ್ಯಾಬ್ಲೆಟ್‌ನ ಡ್ರೈವರ್ (ಅದನ್ನು ಕಂಪ್ಯೂಟರಿಗೆ ಜೋಡಿಸುವ ತಂತ್ರಾಂಶ) ಒಂದನ್ನು, ಕ್ರಿಟಾ ಇನ್ನೊಂದನ್ನು ಹಿಡಿದರೆ ಒತ್ತಡ ನಡುವೆಯೇ ಕಳೆದುಹೋಗುತ್ತದೆ. ಸೆಟ್ಟಿಂಗ್ಸ್, ಕಾನ್ಫಿಗರ್ ಕ್ರಿಟಾ, ಟ್ಯಾಬ್ಲೆಟ್ ಸೆಟ್ಟಿಂಗ್ಸ್‌ಗೆ ಹೋಗಿ ಈಗಿರುವುದನ್ನು ಬಿಟ್ಟು ಮತ್ತೊಂದನ್ನು ಆರಿಸಿ, ಕ್ರಿಟಾ ಮುಚ್ಚಿ ತೆರೆಯಿರಿ. ಇಂಕ್ ಆರಿಸಿದ್ದರೆ ಡ್ರೈವರ್‌ನಲ್ಲೂ ವಿಂಡೋಸ್ ಇಂಕ್‌ಗೆ ಗುರುತು ಹಾಕಿರಬೇಕು. ಅದೇ ಪುಟದಲ್ಲಿ ಟ್ಯಾಬ್ಲೆಟ್ ಟೆಸ್ಟರ್ ಇದೆ. ಅಲ್ಲಿ ಗೀಚಿದಾಗ ಒತ್ತಡದ ಅಂಕಿ ಬದಲಾಗುತ್ತಿದ್ದರೆ ಟ್ಯಾಬ್ಲೆಟ್ ಸರಿಯಿದೆ, ನೀವು ಹಿಡಿದ ಬ್ರಷ್‌ಗೇ ಒತ್ತಡ ಜೋಡಿಸಿಲ್ಲ ಎಂದರ್ಥ. ಮೊದಲು ಬೇರೆ ಕಂಪನಿಯ ಟ್ಯಾಬ್ಲೆಟ್ ಇದ್ದಿದ್ದರೆ ಅದರ ಹಳೆಯ ಡ್ರೈವರನ್ನು ತೆಗೆದುಹಾಕಿ. ಎರಡು ಡ್ರೈವರ್‌ಗಳು ಒಟ್ಟಿಗೆ ಬಾಳುವುದು ಅಪರೂಪ.

ಮೊಟ್ಟೆಗೆ ಕಾರಣ ಅಳತೆಯ ವ್ಯತ್ಯಾಸ. ಪರದೆ 16:9, ಟ್ಯಾಬ್ಲೆಟ್ 16:10 ಇದ್ದರೆ ಒಂದು ದಿಕ್ಕು ಹಿಗ್ಗುತ್ತದೆ. ಡ್ರೈವರ್‌ನಲ್ಲಿ ಅನುಪಾತ ಕಾಯ್ದುಕೊಳ್ಳುವ ಆಯ್ಕೆಗೆ ಗುರುತು ಹಾಕಿ. ಟ್ಯಾಬ್ಲೆಟ್‌ನ ಅಂಚಿನಲ್ಲಿ ಒಂದು ಪಟ್ಟಿ ಕೆಲಸಕ್ಕೆ ಬಾರದೆ ಉಳಿಯುತ್ತದೆ, ಇರಲಿ ಬಿಡಿ.

ಪ್ರಶ್ನೆ: 8192 ಒತ್ತಡ ಮಟ್ಟದ ಟ್ಯಾಬ್ಲೆಟ್ 4096ರದ್ದಕ್ಕಿಂತ ಒಳ್ಳೆಯದೇ?
— ಓದುಗರು, ಹಾಸನ

ಪೆನ್ನಿನ ಒತ್ತುವಿಕೆಯನ್ನು ಟ್ಯಾಬ್ಲೆಟ್ ಎಷ್ಟು ಹಂತಗಳಾಗಿ ಗುರುತಿಸುತ್ತದೆ ಎಂಬುದೇ ಆ ಅಂಕಿ. ಕೈಗೆ ವ್ಯತ್ಯಾಸ ತಿಳಿಯುವುದಿಲ್ಲ. ಆ ಹಣವನ್ನು ಸ್ವಲ್ಪ ದೊಡ್ಡ ಟ್ಯಾಬ್ಲೆಟ್‌ಗೂ ಪೆನ್ನಿನ ಒಂದು ಕಟ್ಟು ಹೆಚ್ಚುವರಿ ನಿಬ್ಬಿಗೂ ಹಾಕಿ.

ಪ್ರಶ್ನೆ: ಗೆರೆಚಿತ್ರಕ್ಕೆ ಬಕೆಟ್‌ನಿಂದ ಬಣ್ಣ ತುಂಬಿದರೆ ಗೆರೆಯ ಪಕ್ಕ ಬಿಳಿ ಅಂಚು ಉಳಿಯುತ್ತದೆ. ಕೆಲವೊಮ್ಮೆ ಬಣ್ಣ ಇಡೀ ಪುಟಕ್ಕೆ ಸೋರುತ್ತದೆ.
— ಮಕ್ಕಳ ಪುಸ್ತಕಕ್ಕೆ ಚಿತ್ರ ಬಿಡಿಸುವವರು, ಮಂಗಳೂರು

ಗೆರೆ ನುಣುಪಾಗಿ ಕಾಣಲಿ ಎಂದು ಅದರ ಅಂಚಿನ ಪಿಕ್ಸೆಲ್‌ಗಳು ಅರೆಪಾರದರ್ಶಕವಾಗಿರುತ್ತವೆ. ಬಕೆಟ್ ಅವನ್ನೂ ಗೆರೆ ಎಂದೇ ತಿಳಿದು ಹೊರಗೇ ನಿಲ್ಲುತ್ತದೆ. ಗೆರೆ ಒಂದು ಪದರದಲ್ಲಿರಲಿ, ಅದರ ಕೆಳಗೆ ಬಣ್ಣಕ್ಕೆ ಬೇರೆ ಪದರ ಇರಲಿ. ಬಕೆಟ್‌ನ ಆಯ್ಕೆಗಳಲ್ಲಿ ಎಲ್ಲ ಪದರಗಳನ್ನೂ ನೋಡುವಂತೆ ಹೇಳಿ, ಗ್ರೋ ಎಂಬಲ್ಲಿ 2 ಪಿಕ್ಸೆಲ್ ಕೊಡಿ. ಬಣ್ಣ ಗೆರೆಯ ಅಡಿಗೆ ನುಗ್ಗಿ ಅಂಚು ಮುಚ್ಚುತ್ತದೆ. ಕಾಗದದ ಗೆರೆಯನ್ನು ಸ್ಕ್ಯಾನ್ ಮಾಡಿದ್ದರೆ ಆ ಪದರವನ್ನು ಮಲ್ಟಿಪ್ಲೈಗೆ ಇಡಿ, ಅಥವಾ ಕಲರ್ ಟು ಆಲ್ಫಾ ಫಿಲ್ಟರ್‌ನಿಂದ ಬಿಳಿಯನ್ನು ಕಳೆಯಿರಿ.

ಸೋರುವುದು ಗೆರೆ ಎಲ್ಲೋ ತುಂಡಾಗಿರುವುದರಿಂದ. ಹುಡುಕುತ್ತ ಕೂರುವ ಬದಲು ಹೊಸ ಪದರದಲ್ಲಿ ಸೋರುವಂತಿರುವ ಕಡೆಗೆ ಅಡ್ಡಗೆರೆ ಎಳೆದು, ಬಣ್ಣ ತುಂಬಿ, ಅಡ್ಡಗೆರೆಯ ಪದರ ಅಳಿಸಿಬಿಡಿ.

ಪ್ರಶ್ನೆ: 8 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್. ದೊಡ್ಡ ಬ್ರಷ್ ಹಿಡಿದರೆ ಗೆರೆ ಕೈಯ ಹಿಂದೆ ತೆವಳುತ್ತದೆ.
— ಓದುಗರು, ಕಲಬುರಗಿ

ಮೊದಲು ಲೆಕ್ಕ ನೋಡಿ. 300 ಡಿಪಿಐನ (ಇಂಚಿಗೆ 300 ಚುಕ್ಕೆ) ಎ4 ಪುಟವೆಂದರೆ 2480 × 3508 ಪಿಕ್ಸೆಲ್. ಪಿಕ್ಸೆಲ್‌ಗೆ 4 ಬೈಟ್‌ನಂತೆ ಪೂರ್ತಿ ತುಂಬಿದ ಒಂದು ಪದರಕ್ಕೆ ಸುಮಾರು 35 ಎಂಬಿ. ಅಂಥ 30 ಪದರಗಳಾದರೆ 1 ಜಿಬಿ ದಾಟಿತು. ಎ3 ಆದರೆ ಇದರ ಎರಡರಷ್ಟು, 16 ಬಿಟ್ ಬಣ್ಣ ಆರಿಸಿದರೆ ಮತ್ತೆ ಎರಡರಷ್ಟು. ಹಾಗಾಗಿ 8 ಬಿಟ್‌ನಲ್ಲೇ ಇರಿ, ಮುಗಿದ ಪದರಗಳನ್ನು ಕೂಡಿಸುತ್ತ ಹೋಗಿ, ಅನ್‌ಡೂ ಮಿತಿಯನ್ನು 50ಕ್ಕೆ ಇಳಿಸಿ.

ತೆವಳುವಿಕೆಯ ದೊಡ್ಡ ಪಾಲು ಮಾತ್ರ ಬ್ರಷ್‌ನದೇ. ಬ್ರಷ್ ಗೆರೆ ಎಳೆಯುವುದಿಲ್ಲ, ಒತ್ತೊತ್ತಾಗಿ ಮುದ್ರೆ ಒತ್ತುತ್ತ ಹೋಗುತ್ತದೆ. ಮುದ್ರೆಗಳ ನಡುವಿನ ಅಂತರ, ಅಂದರೆ ಸ್ಪೇಸಿಂಗ್, 0.05 ಇದ್ದದ್ದನ್ನು 0.1 ಮಾಡಿದರೆ ಮುದ್ರೆಗಳು ಅರ್ಧಕ್ಕೆ ಇಳಿಯುತ್ತವೆ, ದೊಡ್ಡ ಬ್ರಷ್‌ನಲ್ಲಿ ಕಣ್ಣಿಗೆ ಗೊತ್ತೂ ಆಗುವುದಿಲ್ಲ. ವ್ಯೂ ಮೆನುವಿನ ಇನ್‌ಸ್ಟಂಟ್ ಪ್ರಿವ್ಯೂ ಕೂಡ ಹಾಕಿಕೊಳ್ಳಿ, ಗೆರೆ ಮೊದಲು ಒರಟಾಗಿಯಾದರೂ ಬೇಗ ಕಾಣುತ್ತದೆ. ಕೈ ನಡುಕವನ್ನು ನುಣುಪಾಗಿಸುವ ಸ್ಟೆಬಿಲೈಸರ್ ಹಾಕಿದ್ದರೆ ಗೆರೆ ಹಿಂದೆ ಬೀಳುವುದು ಅದರ ಸ್ವಭಾವ. ಅದಕ್ಕೆ ಲ್ಯಾಪ್‌ಟಾಪನ್ನು ದೂರಬೇಡಿ.

ಪ್ರಶ್ನೆ: ಹಳೆಯ ಫೋಟೊಶಾಪ್‌ನಲ್ಲಿ ಕನ್ನಡ ಹೊಡೆದರೆ ಒತ್ತಕ್ಷರ ಒಡೆದು ಬೀಳುತ್ತದೆ. ನುಡಿಯಲ್ಲಿ ಹೊಡೆದದ್ದು ಸರಿ ಬರುತ್ತದೆ, ಫಾಂಟ್ ಬದಲಿಸಿದರೆ ಇಂಗ್ಲಿಷ್ ಅಕ್ಷರಗಳ ರಾಶಿ.
— ಪೋಸ್ಟರ್ ವಿನ್ಯಾಸಕರು, ಮೈಸೂರು

ನುಡಿ, ಬರಹಗಳ ಹಳೆಯ ಆಸ್ಕಿ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಚೂರುಗಳನ್ನು ಕೂರಿಸುತ್ತವೆ. ಒತ್ತು ಜೋಡಿಸುವ ಕೆಲಸ ತಂತ್ರಾಂಶಕ್ಕೆ ಇರುವುದೇ ಇಲ್ಲ. ಅದಕ್ಕೇ ಸರಿ ಕಾಣುತ್ತದೆ, ಫಾಂಟ್ ಬದಲಿಸಿದೊಡನೆ ಬಣ್ಣ ಬಯಲಾಗುತ್ತದೆ. ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತವಿರುವ ಯೂನಿಕೋಡ್‌ನಲ್ಲಿ ಜೋಡಿಸುವ ಹೊಣೆ ತಂತ್ರಾಂಶದ್ದು. ಫೋಟೊಶಾಪ್‌ನ ಪ್ರಿಫರೆನ್ಸಸ್, ಟೈಪ್ ಎಂಬಲ್ಲಿ ವರ್ಲ್ಡ್-ರೆಡಿ ಲೇಔಟ್ ಆರಿಸಿ (ಇನ್ನೂ ಹಳೆಯದರಲ್ಲಿ ಮಿಡಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್ ಎಂದಿರುತ್ತದೆ), ಮುಚ್ಚಿ ತೆರೆಯಿರಿ. ಹಿಂದೆ ಹೊಡೆದಿಟ್ಟ ಪಠ್ಯ ಇದರಿಂದ ತಾನಾಗಿ ಸರಿಹೋಗದು. ಅದನ್ನು ಆರಿಸಿಕೊಂಡು ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೆನುವಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಕೊಡಬೇಕು. ಫಾಂಟ್‌ಗೆ ನೋಟೊ ಸಾನ್ಸ್ ಕನ್ನಡ ಇದೆ, ಶೀರ್ಷಿಕೆಗೆ ಬಲೂ ತಮ್ಮ ಚೆನ್ನಾಗಿ ಕೂರುತ್ತದೆ.

ಅದೂ ಆಗದಿದ್ದರೆ ಪಠ್ಯವನ್ನು ಉಚಿತ ಇಂಕ್‌ಸ್ಕೇಪ್‌ನಲ್ಲಿ ಹೊಡೆಯಿರಿ. ಅಲ್ಲಿ ಒತ್ತು ಒಡೆಯುವುದಿಲ್ಲ. ಪಾತ್ ಮೆನುವಿನ ಆಬ್ಜೆಕ್ಟ್ ಟು ಪಾತ್ ಒತ್ತಿ ಅಕ್ಷರವನ್ನು ಆಕಾರವಾಗಿಸಿ ತನ್ನಿ. ಮುದ್ರಣಾಲಯದಲ್ಲಿ ಆ ಫಾಂಟ್ ಇಲ್ಲದಿದ್ದರೂ ಚಿಂತೆಯಿಲ್ಲ. ಆಕಾರವಾದ ಮೇಲೆ ತಿದ್ದಲಾಗದು, ಮೂಲ ಕಡತ ಬೇರೆ ಇಟ್ಟುಕೊಳ್ಳಿ.

ಪ್ರಶ್ನೆ: ಮೈಸೂರು ಶೈಲಿಯ ದೇವರ ಚಿತ್ರವನ್ನು ಡಿಜಿಟಲ್ ಆಗಿ ಮಾಡಿದೆ. ಪರದೆಯಲ್ಲಿ ಚಿನ್ನ, ನೀಲಿ ಎರಡೂ ಝಗಮಗ. ಮುದ್ರಿಸಿದರೆ ಚಿನ್ನ ಸಾಸಿವೆ ಬಣ್ಣ, ನೀಲಿ ಮಂಕು.
— ಓದುಗರು, ಬೆಂಗಳೂರು

ನೀಲಿಯ ವಿಷಯ ಸುಲಭ. ಪರದೆ ಬೆಳಕು ಸೂಸುತ್ತದೆ. ಮುದ್ರಣದ ನಾಲ್ಕು ಶಾಯಿಗಳು ಕಾಗದದಿಂದ ಮರಳುವ ಬೆಳಕನ್ನಷ್ಟೇ ಸೋಸುತ್ತವೆ. ಕಡು ನೀಲಿ, ಗಿಳಿಹಸಿರುಗಳು ಆ ಶಾಯಿಗಳಿಗೆ ಎಟುಕುವುದಿಲ್ಲ. ಕ್ರಿಟಾದಲ್ಲಿ ಕಂಟ್ರೋಲ್ ಮತ್ತು ವೈ ಒತ್ತಿದರೆ ಮುದ್ರಣದಲ್ಲಿ ಹೇಗೆ ಕಂಡೀತೆಂಬ ಅಂದಾಜು ಸಿಗುತ್ತದೆ, ಶಿಫ್ಟ್ ಸೇರಿಸಿ ಒತ್ತಿದರೆ ಎಟುಕದ ಬಣ್ಣಗಳಿಗೆ ಗುರುತು ಬೀಳುತ್ತದೆ. ಕೆಲಸದ ನಡುವೆಯೇ ನೋಡಿಕೊಳ್ಳಿ, ಮುಗಿದ ಮೇಲಲ್ಲ.

ಚಿನ್ನ ಒಂದು ಬಣ್ಣವೇ ಅಲ್ಲ. ಗೆಸ್ಸೊ (ಅಂಟು ಬೆರೆಸಿದ ಪುಡಿಯ ಲೇಪ) ಉಬ್ಬಿನ ಮೇಲೆ ಅಂಟಿಸಿದ ಚಿನ್ನದ ಹಾಳೆ ನೋಡುವವರು ಕದಲಿದಂತೆ ಮಿನುಗುತ್ತದೆ. ಚಪ್ಪಟೆ ಚಿತ್ರದಲ್ಲಿ ಅದರ ಭ್ರಮೆ ತರಲು ಕಡು ಕಂದು (120, 80, 20ರ ಆಸುಪಾಸು) ತಳಕ್ಕೆ ಹಚ್ಚಿ, ನಡುವೆ ಹಳದಿ, ಅಲ್ಲಲ್ಲಿ ಚೂಪು ಅಂಚಿನ ಬಿಳಿಯ ಚುಕ್ಕೆ ಇಡಿ. ಮೃದು ಏರ್‌ಬ್ರಷ್ ಬಳಸಿದರೆ ಪ್ಲಾಸ್ಟಿಕ್‌ನಂತೆ ಕಾಣುತ್ತದೆ. ನಿಜವಾದ ಹೊಳಪೇ ಬೇಕಿದ್ದರೆ ಮುದ್ರಣಾಲಯದಲ್ಲಿ ಫಾಯಿಲ್, ಅಂದರೆ ಹೊಳೆಯುವ ತೆಳು ಹಾಳೆಯ ಅಚ್ಚು, ಮಾಡಿಸಬೇಕು. ಚಿನ್ನದ ಭಾಗವನ್ನಷ್ಟೇ ಬೇರೆ ಕಡತದಲ್ಲಿ, ಛಾಯೆಗಳಿಲ್ಲದ 100% ಕಪ್ಪಿನಲ್ಲಿ, ಸಾಧ್ಯವಾದರೆ ವೆಕ್ಟರ್ (ಪಿಕ್ಸೆಲ್ ಬದಲು ಆಕಾರದ ಗೆರೆಗಳಿಂದಾದ ಚಿತ್ರ) ಆಗಿಯೇ ಕೊಡಿ. ಕೆಳಗಿನ ಬಣ್ಣ ಚಿನ್ನದ ಅಂಚಿನೊಳಗೆ ಸ್ವಲ್ಪ ನುಗ್ಗಿರಲಿ, ಇಲ್ಲವಾದರೆ ಹಾಳೆ ಕೂದಲೆಳೆಯಷ್ಟು ಸರಿದರೂ ಬಿಳಿ ಗೆರೆ ಕಾಣುತ್ತದೆ. ಜರಿಯ ಸಣ್ಣ ಕುಸುರಿ ಎಷ್ಟು ತೆಳುವಾಗಿದ್ದರೆ ಅಚ್ಚು ಹಿಡಿಯುತ್ತದೆ ಎಂದು ಚಿತ್ರ ಶುರು ಮಾಡುವ ಮೊದಲೇ ಮುದ್ರಕರನ್ನು ಕೇಳಿ.