ಕ್ರೀಡಾಕೂಟದ ವಾಲಂಟಿಯರ್ ತರಬೇತಿಯಲ್ಲಿ ಏನೇನು ಹೇಳಿಕೊಡುತ್ತಾರೆ? ಆಟದ ಬಗ್ಗೆ ಗೊತ್ತಿಲ್ಲದವರಿಗೆ ಕಷ್ಟವಾಗುತ್ತದೆಯೇ?

ಪ್ರೇಕ್ಷಕರನ್ನು ಬರಮಾಡಿಕೊಳ್ಳುವ ತಂಡಕ್ಕೆ ಆಯ್ಕೆಯಾಗಿದ್ದೇನೆ, ಆದರೆ ಆಟದ ನಿಯಮ ಅಷ್ಟಾಗಿ ಗೊತ್ತಿಲ್ಲ, ಮಾತೂ ಕಡಿಮೆ ಎಂದು ಬರೆದಿದ್ದೀರಿ. ಹೆದರಬೇಡಿ. ನಾನೂ ಇದೇ ಕೆಲಸ ಮಾಡಿದವನು. ನಮ್ಮ ತರಬೇತಿಯಲ್ಲಿ ಆಟದ ಬಗ್ಗೆ ಹೇಳಿದ್ದು ತೀರಾ ಕಡಿಮೆ. ಹೆಚ್ಚಿನ ಹೊತ್ತು ನೀವು ನಿಲ್ಲುವುದೇ ಮೈದಾನಕ್ಕೆ ಬೆನ್ನು ಹಾಕಿ, ಜನರ ಕಡೆ ಮುಖ ಮಾಡಿ. ಜನ ಕೇಳುವುದೂ ಅಷ್ಟೇ: ಟಾಯ್ಲೆಟ್ ಎಲ್ಲಿ, ನನ್ನ ಗೇಟ್ ಯಾವುದು, ನೀರು ಎಲ್ಲಿ ಸಿಗುತ್ತದೆ, ವಾಪಸ್ ಹೋಗೋಕೆ ಬಸ್ ಎಲ್ಲಿಂದ. ಪಂದ್ಯ ನೋಡಬಹುದು ಎಂಬ ಆಸೆ ಇದ್ದರೆ ಮಾತ್ರ ಈಗಲೇ ಬಿಟ್ಟುಬಿಡಿ.

ತರಬೇತಿ ಸಾಮಾನ್ಯವಾಗಿ ಮೂರು ಹಂತದಲ್ಲಿ ನಡೆಯುತ್ತದೆ. ಮೊದಲು ಎಲ್ಲರನ್ನೂ ಒಟ್ಟಿಗೆ ಕೂರಿಸುವ ದೊಡ್ಡ ಸಭೆ. ಲಂಡನ್ 2012ರ ಒಲಿಂಪಿಕ್ಸ್‌ಗೆ ಸುಮಾರು 70,000, ಪ್ಯಾರಿಸ್ 2024ಕ್ಕೆ ಸುಮಾರು 45,000 ವಾಲಂಟಿಯರ್‌ಗಳಿದ್ದರು. ಅಷ್ಟು ಜನರಿಗೆ ಒಂದೇ ಮಾತು ಮುಟ್ಟಬೇಕಲ್ಲ, ಹಾಗಾಗಿ ವಿಡಿಯೊ, ಭಾಷಣ, ಚಪ್ಪಾಳೆ ಎಲ್ಲ ಇರುತ್ತದೆ. ನನಗೆ ಚಪ್ಪಾಳೆ ಸ್ವಲ್ಪ ಜಾಸ್ತಿಯೇ ಅನ್ನಿಸಿತು. ಎರಡನೆಯದು ನಿಮ್ಮ ಕೆಲಸಕ್ಕೆ ಸಂಬಂಧಪಟ್ಟದ್ದು. ಮೂರನೆಯದು ಕ್ರೀಡಾಂಗಣದಲ್ಲೇ ನಡೆಯುತ್ತದೆ. ಅದನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ. ನಕ್ಷೆಯಲ್ಲಿ ಪಕ್ಕಪಕ್ಕ ಕಾಣುವ ಎರಡು ಗೇಟ್‌ಗಳ ಮಧ್ಯೆ ಬೇಲಿ ಇರಬಹುದು, ಮೆಟ್ಟಿಲಿರಬಹುದು. ವೀಲ್‌ಚೇರ್ ಹೋಗುವ ದಾರಿ, ಲಿಫ್ಟ್, ಪ್ರಥಮ ಚಿಕಿತ್ಸೆಯ ಕೋಣೆ, ಇವನ್ನೆಲ್ಲ ಕಾಲಲ್ಲಿ ನಡೆದು ನೋಡಿದರೇ ತಲೆಯಲ್ಲಿ ಉಳಿಯುವುದು.

ಎರಡನೇ ಹಂತದಲ್ಲಿ ಮತ್ತೆ ಮತ್ತೆ ಕೇಳಿಬರುವ ಮಾತು ಒಂದೇ: ಊಹೆ ಮಾಡಿ ಉತ್ತರ ಕೊಡಬೇಡಿ. ‘ಗೊತ್ತಿಲ್ಲ, ಒಂದು ನಿಮಿಷ, ಕೇಳಿ ಹೇಳ್ತೀನಿ’ ಅನ್ನಿ. ಸುಮ್ನೆ ಒಂದು ದಿಕ್ಕು ತೋರಿಸಿ ಕಳಿಸಿದರೆ ವಯಸ್ಸಾದವರೊಬ್ಬರು ಇಡೀ ಕ್ರೀಡಾಂಗಣ ಸುತ್ತಬೇಕಾಗುತ್ತದೆ. ಎಷ್ಟೋ ಕಡೆ ಒಮ್ಮೆ ಹೊರಗೆ ಹೋದವರನ್ನು ಅದೇ ಟಿಕೆಟ್‌ನಲ್ಲಿ ಮತ್ತೆ ಒಳಗೆ ಬಿಡುವುದಿಲ್ಲ. ನೀವು ಹೇಳಿದ್ದನ್ನು ನಂಬಿ ಹೋದವರಿಗೆ ಪಂದ್ಯವೇ ತಪ್ಪಿಹೋಗಬಹುದು.

ಮಾತು ಕಡಿಮೆ ಇರುವವರಿಗೆ ಇಲ್ಲೊಂದು ಅನುಕೂಲವಿದೆ. ಅವರು ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಳ್ಳುತ್ತಾರೆ. ನಮ್ಮ ತಂಡದಲ್ಲಿ ಮಾತಿನಮಲ್ಲರೇ ಜನರನ್ನು ತಪ್ಪು ಗೇಟಿಗೆ ಕಳಿಸುತ್ತಿದ್ದುದು ಜಾಸ್ತಿ.

ಮಗು ಕಳೆದುಹೋದಾಗ ಏನು ಮಾಡಬೇಕು ಅನ್ನುವುದನ್ನು ನಾಟಕದ ಹಾಗೆ ಮಾಡಿಸುತ್ತಾರೆ. ಗಮನ ಕೊಡಿ. ಒಂಟಿ ಮಗು ಕಂಡರೆ ಅದನ್ನು ಕರೆದುಕೊಂಡು ಗುಂಪಿನಲ್ಲಿ ಅಪ್ಪ ಅಮ್ಮನನ್ನು ಹುಡುಕುತ್ತಾ ಹೊರಡಬೇಕು ಅನ್ನಿಸುತ್ತದೆ, ಅಲ್ವಾ? ಹಾಗೆ ಮಾಡಬಾರದು. ಹೆತ್ತವರು ಸಾಮಾನ್ಯವಾಗಿ ಕೊನೆಯ ಸಲ ಮಗುವನ್ನು ನೋಡಿದ ಜಾಗಕ್ಕೇ ಓಡಿಬರುತ್ತಾರೆ. ಹಾಗಾಗಿ ಅಲ್ಲೇ ನಿಲ್ಲಬೇಕು, ಮೇಲ್ವಿಚಾರಕರಿಗೆ ವಾಕಿಟಾಕಿಯಲ್ಲಿ ತಿಳಿಸಬೇಕು, ಇನ್ನೊಬ್ಬ ವಾಲಂಟಿಯರ್‌ನನ್ನು ಜೊತೆಗೆ ಕರೆಯಬೇಕು. ಮಗುವಿನ ಹೆಸರನ್ನು ಮೈಕಿನಲ್ಲಿ ಕೂಗಿಸುವುದಿಲ್ಲ. ಹೆಸರು ಕೇಳಿಸಿಕೊಂಡ ಯಾರು ಬೇಕಾದರೂ ‘ನನ್ನ ಮಗು’ ಎಂದು ಬರಬಹುದು. ಅಪ್ಪನೇ ಬಂದರೂ ನೀವಾಗಿಯೇ ಒಪ್ಪಿಸುವ ಹಾಗಿಲ್ಲ. ಅದನ್ನು ಖಚಿತ ಮಾಡಿಕೊಳ್ಳುವವರು ಬೇರೆಯವರಿರುತ್ತಾರೆ.

ವಾರಸುದಾರರಿಲ್ಲದ ಬ್ಯಾಗ್ ಕಂಡರೆ ಮುಟ್ಟಬೇಡಿ, ತೆರೆಯಬೇಡಿ. ದೂರ ಹೋಗಿ ಭದ್ರತಾ ಸಿಬ್ಬಂದಿಗೆ ಹೇಳಿ. ಪತ್ರಕರ್ತರು ಏನಾದರೂ ಕೇಳಿದರೆ ಮಾಧ್ಯಮ ವಿಭಾಗಕ್ಕೆ ಕಳಿಸಿ. ಆಟಗಾರರ ಜೊತೆ ಸೆಲ್ಫಿ ಕೇಳಬೇಡಿ. ಇವೆಲ್ಲ ಬೇಗ ಅಭ್ಯಾಸವಾಗುತ್ತದೆ.

ಅಂಗವಿಕಲರಿಗೆ ನೆರವಾಗುವುದು ಅಷ್ಟು ಬೇಗ ಅಭ್ಯಾಸವಾಗುವುದಿಲ್ಲ, ಯಾಕೆಂದರೆ ಒಳ್ಳೆಯ ಮನಸ್ಸೇ ಅಲ್ಲಿ ಅಡ್ಡ ಬರುತ್ತದೆ. ಕೇಳದೆ ವೀಲ್‌ಚೇರ್ ತಳ್ಳಬಾರದು. ಕಣ್ಣು ಕಾಣದವರ ಕೈ ಹಿಡಿದು ಎಳೆಯಬಾರದು. ಅವರು ಒಪ್ಪಿದರೆ ನಿಮ್ಮ ತೋಳನ್ನು ಅವರು ಹಿಡಿದುಕೊಳ್ಳಲಿ, ನೀವು ಅರ್ಧ ಹೆಜ್ಜೆ ಮುಂದೆ ನಡೆಯಿರಿ, ಮೆಟ್ಟಿಲು ಬಂದಾಗ ಹೇಳಿ. ಕಿವಿ ಕೇಳದವರ ಎದುರು ನಿಂತು ಮಾಮೂಲಿ ವೇಗದಲ್ಲಿ ಮಾತಾಡಿ. ಜೊತೆಗಿರುವವರನ್ನು ‘ಇವರಿಗೆ ಏನು ಬೇಕು?’ ಎಂದು ಕೇಳಬೇಡಿ, ಅವರನ್ನೇ ಕೇಳಿ.

ಜನರನ್ನು ಒಳಗೆ ಕರೆಯುವುದಕ್ಕಿಂತ ಹೊರಗೆ ಕಳಿಸುವುದು ಕಷ್ಟ. ಬರುವಾಗ ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಬರುತ್ತಾರೆ, ಆಟ ಮುಗಿದ ಕೂಡಲೇ ಎಲ್ಲರೂ ಒಟ್ಟಿಗೆ ಹೊರಡುತ್ತಾರೆ. ಆಗ ಉದ್ದ ಉತ್ತರ ಕೊಡೋಕೆ ಪುರುಸೊತ್ತು ಇರುವುದಿಲ್ಲ. 2022ರ ಫುಟ್‌ಬಾಲ್ ವಿಶ್ವಕಪ್ ಸಮಯದಲ್ಲಿ ದೋಹಾದಲ್ಲಿ ಎತ್ತರದ ಕುರ್ಚಿಯ ಮೇಲೆ ಕೂತು, ದೊಡ್ಡ ಫೋಮ್ ಕೈ ತೋರಿಸುತ್ತಾ ‘ಮೆಟ್ರೋ? ದಿಸ್ ವೇ’ ಎಂದು ಕೂಗುತ್ತಿದ್ದ ಸಿಬ್ಬಂದಿಯೊಬ್ಬರ ವಿಡಿಯೊ ನೋಡಿರಬಹುದು. ಜನ ನಕ್ಕರು, ಅವರ ಜೊತೆ ಕೂಗಿದರು, ದಾರಿಯೂ ಸಿಕ್ಕಿತು. ನೀವು ಹಾಗೆ ಕೂಗಲೇಬೇಕು ಎಂದೇನಿಲ್ಲ. ಪೂರ್ತಿ ಅಂಗೈ ಬಿಡಿಸಿ ದಿಕ್ಕು ತೋರಿಸಿ, ಎರಡೇ ಪದ ಹೇಳಿ, ಸಾಕು.

ಇನ್ನೊಂದು ವಿಷಯ. ಈ ಕೆಲಸಕ್ಕೆ ಸಂಬಳ ಇರುವುದಿಲ್ಲ. ಬಟ್ಟೆ, ಪಾಳಿಯ ದಿನದ ಊಟ ಕೊಡುವುದು ರೂಢಿ. ಉಳಿದುಕೊಳ್ಳುವ ಖರ್ಚು ಹೆಚ್ಚಾಗಿ ನಿಮ್ಮದೇ, ಮೊದಲೇ ಕೇಳಿಕೊಳ್ಳಿ. ತರಬೇತಿಗೆಂದು ಯಾರಾದರೂ ನಿಮ್ಮಿಂದಲೇ ದುಡ್ಡು ಕೇಳಿದರೆ, ಆಯೋಜಕರ ಅಧಿಕೃತ ಜಾಲತಾಣದಲ್ಲಿ ಪರೀಕ್ಷಿಸದೆ ಕೊಡಬೇಡಿ. ಹೊಸ ಶೂ ಹಾಕಿಕೊಂಡು ಮೊದಲ ಪಾಳಿಗೆ ಹೋಗಬೇಡಿ, ಗಂಟೆಗಟ್ಟಲೆ ನಿಂತೇ ಇರಬೇಕಾಗುತ್ತದೆ. ನಿಮ್ಮನ್ನು ಗೇಟಿನ ಹೊರಗೆ ಹಾಕುತ್ತಾರೋ ಒಳಗೋ ಅನ್ನುವುದನ್ನು ತರಬೇತಿಯ ದಿನವೇ ವಿಚಾರಿಸಿ. ಹೊರಗಾದರೆ ಟೋಪಿ ಮತ್ತು ನೀರಿನ ಬಾಟಲಿ ಬೇಕೇ ಬೇಕು.