ಯೋಗ್ಯತೆ ಇಲ್ಲ ಅನ್ನಿಸುವಾಗ ದೇವರ ಕರೆಗೆ ಹೇಗೆ ಒಪ್ಪಿಕೊಳ್ಳುವುದು?

ಯುವಕರಿಗೆ ಬೈಬಲ್ ಅಧ್ಯಯನ ನಡೆಸಿಕೊಡಿ ಎಂದು ನಿಮ್ಮ ಚರ್ಚಿನ ಸಭಾಪಾಲಕರು ಕೇಳಿದ್ದಾರೆ. ನೀವು ಓದಿರುವುದು ಬಿ.ಕಾಂ., ಬಲ್ಮಠದ ದೇವಶಾಸ್ತ್ರ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. 'ನನ್ನಂಥವನನ್ನು ದೇವರು ಕರೆದಾನೆಯೇ' ಎಂದು ಕೇಳಿದ್ದೀರಿ. ನಾನೂ ಅಂಥವನೇ. ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ, ಭಾನುವಾರ ಸಂಡೇ ಸ್ಕೂಲಿನಲ್ಲಿ ಪಾಠ ಮಾಡುತ್ತೇನೆ.

ಮೊದಲ ತರಗತಿ ಇನ್ನೂ ನೆನಪಿದೆ. ಚರ್ಚಿನ ಹಿಂದಿನ ಕೋಣೆ, ಹದಿನಾಲ್ಕು ಮಕ್ಕಳು, ಜಲಪ್ರಳಯದಲ್ಲಿ ಜೀವಿಗಳನ್ನು ಉಳಿಸಿದ ನೋಹನ ನಾವೆಯ ಕಥೆ. ಐದು ನಿಮಿಷ ಆಗಿರಲಿಲ್ಲ, ಮೀನುಗಾರರ ಮನೆಯ ಹುಡುಗನೊಬ್ಬ ಎದ್ದು ನಿಂತು, "ನಾವೆಯಲ್ಲಿ ಮೀನುಗಳಿದ್ದವೇ ಸರ್?" ಎಂದ. ನಾನು ಬರೆದುಕೊಂಡು ಹೋಗಿದ್ದ ಚೀಟಿಯಲ್ಲಿ ಮೀನಿನ ಸುದ್ದಿಯೇ ಇರಲಿಲ್ಲ. ಮುಂದಿನ ವಾರ ಹೇಳುತ್ತೇನೆ ಎಂದು ಬೆವರು ಒರೆಸಿಕೊಂಡೆ. ಮನೆಗೆ ಬಂದವನೇ ಸಭಾಪಾಲಕರಿಗೆ ಫೋನ್ ಮಾಡಿ, ಇದು ನನ್ನ ಕೈಲಾಗದ ಕೆಲಸ ಎಂದೆ. ಬೈಬಲಿನ ವಿಮೋಚನಕಾಂಡದ ಮೂರು, ನಾಲ್ಕನೆಯ ಅಧ್ಯಾಯ ಓದಿ, ಆಮೇಲೆ ಬೇಕಾದರೆ ಬಿಡಿ ಎಂದರು.

ಗೊತ್ತಿದ್ದ ಕಥೆಯೇ. ಐಗುಪ್ತದಲ್ಲಿ ಗುಲಾಮರಾಗಿರುವ ಇಸ್ರಾಯೇಲ್ಯರನ್ನು ಬಿಡಿಸಿಕೊಂಡು ಬಾ ಎಂದು ದೇವರು ಕರೆದಾಗ, ಅಲ್ಲಿನ ಅರಸ ಫರೋಹನ ಬಳಿಗೆ ಹೋಗಲು ನಾನು ಎಷ್ಟರವನು ಎಂದು ಮೋಶೆ ಕೇಳುತ್ತಾನೆ. ನಾವಾಗಿದ್ದರೆ, ನೀನು ಅರಮನೆಯಲ್ಲೇ ಬೆಳೆದವನಲ್ಲವೇ, ನಿನ್ನಿಂದ ಆಗದೆ ಇನ್ಯಾರಿಂದ ಆದೀತು ಎಂದು ಬೆನ್ನು ತಟ್ಟುತ್ತಿದ್ದೆವು. ದೇವರು ಆ ಮಾತನ್ನೇ ಎತ್ತುವುದಿಲ್ಲ. ನಾನು ನಿನ್ನ ಸಂಗಡ ಇರುತ್ತೇನೆ ಎನ್ನುತ್ತಾನೆ. ಯೋಗ್ಯತೆಯ ಲೆಕ್ಕದ ಪುಸ್ತಕವನ್ನು ತೆರೆಯುವುದೂ ಇಲ್ಲ. ನನ್ನ ನಾಲಿಗೆ ಮಂದ ಎಂದು ಮೋಶೆ ಅಂಗಲಾಚಿದರೂ ಆ ನಾಲಿಗೆ ವಾಸಿಯಾದಂತೆ ಕಾಣುವುದಿಲ್ಲ. ಆರನೆಯ ಅಧ್ಯಾಯದಲ್ಲೂ ಅದೇ ದೂರು. ಬೇರೆ ಯಾರನ್ನಾದರೂ ಕಳುಹಿಸು ಎಂದಾಗ ಮಾತ್ರ ದೇವರಿಗೆ ಸಿಟ್ಟು ಬಂತು. ಆದರೆ ಆ ಸಿಟ್ಟಿನಲ್ಲೇ ಮಾತುಬಲ್ಲ ಅಣ್ಣ ಆರೋನನನ್ನು ಜೊತೆಗೆ ಕೊಟ್ಟ. ಫರೋಹನ ಮುಂದೆ ನಿಂತಾಗ ತಮ್ಮನಿಗೆ 80, ಅಣ್ಣನಿಗೆ 83.

ದೇವರನ್ನು ನಂಬುವುದೆಂದರೆ ಒಬ್ಬನೇ ಒದ್ದಾಡುವುದು ಎಂದುಕೊಂಡಿದ್ದೆ. ಮರುವಾರ ನಮ್ಮ ಸಭೆಯ ನಿವೃತ್ತ ಶಿಕ್ಷಕಿಯೊಬ್ಬರನ್ನು, ಟೀಚರ್, ದಯವಿಟ್ಟು ನನ್ನ ಪಕ್ಕದಲ್ಲಿ ಕುಳಿತುಕೊಳ್ಳಿ ಎಂದು ಬೇಡಿಕೊಂಡೆ. ಗಲಾಟೆಯನ್ನು ಗದರದೆ ನಿಲ್ಲಿಸುವುದನ್ನು ಅವರಿಂದಲೇ ಕಲಿತೆ.

ಓದಿದ್ದರೆ ಈ ಅಳುಕು ಇರುತ್ತಿರಲಿಲ್ಲ ಎಂದೂ ತಿಳಿಯಬೇಡಿ. ಧರ್ಮಶಾಸ್ತ್ರದ ದೊಡ್ಡ ಪಂಡಿತ ಗಮಲಿಯೇಲನ ಪಾದದ ಬಳಿ ಕಲಿತ ಅಪೊಸ್ತಲ ಪೌಲನೇ ಕೊರಿಂಥದ ಸಭೆಯವರಿಗೆ ಬರೆಯುವಾಗ, ಇಂಥ ಕೆಲಸಕ್ಕೆ ಯಾರು ತಾನೇ ಯೋಗ್ಯರು ಎಂದು ಕೇಳಿದ್ದಾನೆ. ಹಾಗೆಂದು ಇದು ಓದದೆ ಕೂರುವುದಕ್ಕೆ ನೆಪವಲ್ಲ. ತಯಾರಿಯಿಲ್ಲದೆ ಎದ್ದು ನಿಂತು, ಪವಿತ್ರಾತ್ಮನು ಮಾತಾಡಿಸುತ್ತಾನೆ ಎನ್ನುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಕೇಳಿದ್ದೆಲ್ಲ ಕರೆಯೂ ಅಲ್ಲ. ಕೆಲವೊಮ್ಮೆ ಬೇರೆ ಜನ ಸಿಗದೆ ಕೇಳಿರುತ್ತಾರೆ. ಅಂಥಲ್ಲಿ ಬೇಡ ಎಂದರೆ ಪಾಪವೇನಿಲ್ಲ. ನಿನೆವೆ ಪಟ್ಟಣಕ್ಕೆ ಹೋಗಿ ಸಾರು ಎಂದು ದೇವರು ಕರೆದ ಪ್ರವಾದಿ ಯೋನನಿಗೆ ಯೋಗ್ಯತೆಯ ಚಿಂತೆ ಇರಲಿಲ್ಲ, ಅಲ್ಲಿಗೆ ಹೋಗುವ ಮನಸ್ಸೇ ಇರಲಿಲ್ಲ. ನಿಮಗೆ ಮನಸ್ಸಿದ್ದು, ಇರುವುದು ಅಳುಕು ಮಾತ್ರವಾದರೆ, ಮೂರು ತಿಂಗಳಿಗೆಂದು ಒಪ್ಪಿಕೊಳ್ಳಿ. ನಿಮ್ಮ ಆರೋನ ಯಾರೆಂದು ಸಭಾಪಾಲಕರನ್ನೇ ಕೇಳಿ.

ಅಂದ ಹಾಗೆ, ಮೀನಿನ ಉತ್ತರ ಆದಿಕಾಂಡ 7:22ರಲ್ಲಿ ಸಿಕ್ಕಿತು: ಸತ್ತದ್ದು ಒಣನೆಲದ ಮೇಲಿನ ಜೀವಿಗಳು. ಹೆಮ್ಮೆಯಿಂದಲೇ ಹೇಳಿದೆ. ಹುಡುಗ ಸ್ವಲ್ಪ ಹೊತ್ತು ಯೋಚಿಸಿ, "ಅಷ್ಟು ಮಳೆನೀರು ಸೇರಿದರೆ ಸಮುದ್ರದ ಮೀನು ಬದುಕುತ್ತದೆಯೇ ಸರ್?" ಎಂದ. ನಾನು ಟೀಚರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು.