ಫಿಸಿಕ್ಸ್ ಕ್ಲಬ್‌ಗೆ ಜನ ಬರುತ್ತಿಲ್ಲ, ದುಡ್ಡೂ ಇಲ್ಲ ಅಂದಿದ್ದಕ್ಕೆ

ಮೊದಲ ಸಭೆಗೆ 40 ಜನ, ಈಗ ಐದೇ ಜನ ಅಂದಿರಲ್ಲ, ಬರೀ ಉಪನ್ಯಾಸ ಇಡುತ್ತಿರುವುದೇ ಕಾರಣ ಇರಬೇಕು. ದಿನವಿಡೀ ಕ್ಲಾಸಿನಲ್ಲಿ ಕೂತವರು ಸಂಜೆಯೂ ಕೂತು ಕೇಳುತ್ತಾರಾ? ಪರೀಕ್ಷೆಯ ಕಾಟವೂ ಇರಬಹುದು. ಬರುವುದನ್ನು ಬಿಟ್ಟವರಲ್ಲಿ ಮೂರ್ನಾಲ್ಕು ಜನರನ್ನು ಸುಮ್ನೆ ಕೇಳಿನೋಡಿ.

ಆಮೇಲೆ ಮುಂದಿನ ಎರಡು ಉಪನ್ಯಾಸ ಬಿಟ್ಟು, ಕೈಯಿಂದ ಮಾಡುವ ಒಂದು ಕೆಲಸ ಇಡಿ. ನಾವು ರಟ್ಟಿನ ಡಬ್ಬಿಗೆ ಸಣ್ಣ ಸೀಳು ಕೊರೆದು, ಹಳೇ ಡಿವಿಡಿಯ ತುಂಡು ಅಂಟಿಸಿ, ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ತೋರಿಸುವ ಸ್ಪೆಕ್ಟ್ರೋಮೀಟರ್ ಮಾಡಿದ್ದೆವು. ಡಿವಿಡಿಯ ಗೆರೆಗಳ ನಡುವೆ 0.74 ಮೈಕ್ರೋಮೀಟರ್ ಅಂತರ, ಹಾಗಾಗಿ ಅದೇ ಗ್ರೇಟಿಂಗ್, ಅಂದರೆ ಒತ್ತೊತ್ತಾದ ಗೆರೆಗಳಿಂದ ಬಣ್ಣಗಳನ್ನು ಬೇರ್ಪಡಿಸುವ ಫಲಕ. ಟ್ಯೂಬ್‌ಲೈಟ್ ಕಡೆ ಹಿಡಿದರೆ ಅದರೊಳಗಿನ ಪಾದರಸದ ಹಸಿರು ಗೆರೆ, ತರಂಗಾಂತರ 546 ನ್ಯಾನೋಮೀಟರ್, ಎದ್ದು ಕಾಣುತ್ತದೆ. (ಎಲ್‌ಇಡಿ ಆಗಲ್ಲ, ಹಳೇ ಟ್ಯೂಬೇ ಬೇಕು.) ಆ ಗೆರೆ ನೋಡಿದವರು ಮುಂದಿನ ವಾರ ಗೆಳೆಯರನ್ನೂ ಎಳೆದುಕೊಂಡು ಬಂದರು.

ವಾರದ ದಿನ, ಹೊತ್ತು ಮಾತ್ರ ಬದಲಿಸಬೇಡಿ.

ದುಡ್ಡಿನ ಮಾತು ಆಮೇಲೆ. ಹತ್ತು ಹನ್ನೆರಡು ಜನ ಖಾಯಂ ಆದ ಮೇಲೆ, ಒಬ್ಬ ಮೇಷ್ಟ್ರನ್ನು ಸಲಹೆಗಾರರಾಗಲು ಒಪ್ಪಿಸಿ. ಬೆಳಕಿನ ವಿಜ್ಞಾನದಲ್ಲಿ ಆಸಕ್ತಿ ಇದ್ದರೆ, ಆ ಕ್ಷೇತ್ರದ ಅಂತರರಾಷ್ಟ್ರೀಯ ಸಂಘಗಳಾದ ಆಪ್ಟಿಕಾ ಅಥವಾ ಎಸ್‌ಪಿಐಇ ಸಂಸ್ಥೆಯ ವಿದ್ಯಾರ್ಥಿ ಘಟಕವನ್ನು ನಿಮ್ಮಲ್ಲೇ ತೆರೆಯಲು ಅರ್ಜಿ ಹಾಕಿ. ಎರಡೂ ತಮ್ಮ ಘಟಕಗಳ ಚಟುವಟಿಕೆಗೆ ಅನುದಾನ ಕೊಡುತ್ತವೆ. ಸದಸ್ಯರ ಸಂಖ್ಯೆಯ ನಿಯಮ ಮೊದಲೇ ಓದಿಕೊಳ್ಳಿ.